ಗ್ರಿಡ್ ಪೆನಾಲ್ಟಿ, ಅಂಕದ ಲೆಕ್ಕ ಮತ್ತು 2021ರ ಎಫ್‌1 ಹೋರಾಟ: ಪದೇ ಪದೇ ಕೇಳುವ ಪ್ರಶ್ನೆಗಳು

2021ರ ಫಾರ್ಮುಲಾ 1 ಬಗ್ಗೆ ಮಾತು ಶುರುವಾದರೆ ಎಲ್ಲರೂ ನೇರವಾಗಿ ಅಬುಧಾಬಿಯ ಕೊನೆಯ ಲ್ಯಾಪ್‌ಗೆ ಹೋಗುತ್ತಾರೆ. ಆ ಲ್ಯಾಪ್ ಮುಖ್ಯ ಹೌದು. ಆದರೆ ರೆಡ್ ಬುಲ್ ತಂಡದ ಮ್ಯಾಕ್ಸ್ ವರ್‌ಸ್ಟಾಪನ್ ಮತ್ತು ಮರ್ಸಿಡಿಸ್ ತಂಡದ ಲೂಯಿಸ್ ಹ್ಯಾಮಿಲ್ಟನ್ ಇಬ್ಬರೂ 369.5 ಅಂಕ ಹಿಡಿದುಕೊಂಡು ಅಲ್ಲಿಗೆ ಬಂದರಲ್ಲ, ಅದು ಹೇಗೆ ಅನ್ನೋದೇ ನನಗೆ ಹೆಚ್ಚು ಇಷ್ಟವಾದ ಕಥೆ. ಎಂಜಿನ್ ಪೆನಾಲ್ಟಿ, ಮಳೆಗೆ ಕೊಚ್ಚಿಹೋದ ರೇಸ್, 0.2 ಮಿಲಿಮೀಟರ್ ಅಂತರ, ಬೇರೆಯವರ ತಪ್ಪು ಎಲ್ಲವೂ ಅದರಲ್ಲಿದೆ. ಹೊಸದಾಗಿ ಎಫ್‌1 ನೋಡುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಹೆಚ್ಚಾಗಿ ಆ ಸೀಸನ್ ಇಟ್ಟುಕೊಂಡೇ ಇಲ್ಲಿ ಉತ್ತರ ಬರೆದಿದ್ದೇನೆ. ಬೇರೆ ವರ್ಷಗಳ ಉದಾಹರಣೆ ಬೇಕಾದಲ್ಲಿ ಅವನ್ನೂ ತಂದಿದ್ದೇನೆ.

ಗ್ರಿಡ್ ಪೆನಾಲ್ಟಿ ಅಂದರೆ ಏನು?

ಗ್ರಿಡ್ ಅಂದರೆ ರೇಸ್ ಶುರುವಿಗೆ ಕಾರುಗಳು ನಿಲ್ಲುವ ಸಾಲು. ಯಾರು ಎಲ್ಲಿ ನಿಲ್ಲಬೇಕು ಅನ್ನೋದು ಅದಕ್ಕೂ ಮುಂಚಿನ ಕ್ವಾಲಿಫೈಯಿಂಗ್ ಓಟದಲ್ಲಿ ನಿರ್ಧಾರವಾಗುತ್ತದೆ. ಅದರಲ್ಲಿ ನೀವು ಎರಡನೇ ಸ್ಥಾನ ಪಡೆದಿರಿ ಅಂತ ಇಟ್ಟುಕೊಳ್ಳಿ. ಐದು ಸ್ಥಾನದ ಪೆನಾಲ್ಟಿ ಬಿದ್ದರೆ ರೇಸ್ ಶುರುವಾಗುವಾಗ ಏಳನೇ ಜಾಗದಲ್ಲಿ ನಿಲ್ಲುತ್ತೀರಿ. ಅಷ್ಟೇ. ಇದಕ್ಕೆ ಮುಖ್ಯವಾಗಿ ಎರಡು ಕಾರಣ ಇರುತ್ತವೆ. ಒಂದು, ಟ್ರ್ಯಾಕ್ ಮೇಲೆ ಚಾಲಕ ಮಾಡಿದ ತಪ್ಪು: ಇನ್ನೊಬ್ಬರಿಗೆ ಗುದ್ದುವುದು, ಅಪಾಯ ಸೂಚಿಸುವ ಹಳದಿ ಬಾವುಟ ಕಂಡರೂ ನಿಧಾನ ಮಾಡದಿರುವುದು, ಇಂಥವು. ಇನ್ನೊಂದು, ಎಂಜಿನ್ ಭಾಗಗಳನ್ನು ಮಿತಿ ಮೀರಿ ಬದಲಾಯಿಸುವುದು. ಮೊದಲನೆಯದನ್ನು ಸ್ಟೀವರ್ಡ್‌ಗಳು, ಅಂದರೆ ರೇಸ್‌ನ ತೀರ್ಪುಗಾರರು, ವಿಚಾರಣೆ ಮಾಡಿ ಕೊಡುತ್ತಾರೆ. ಎರಡನೆಯದು ನಿಯಮ ಪುಸ್ತಕದಿಂದ ತಾನಾಗಿಯೇ ಬರುತ್ತದೆ, ಅಲ್ಲಿ ವಾದಕ್ಕೆ ಜಾಗ ಇಲ್ಲ.

ರೇಸ್ ನಡೆಯುವಾಗ ಕೊಡುವ 5 ಸೆಕೆಂಡ್, 10 ಸೆಕೆಂಡ್ ಪೆನಾಲ್ಟಿಗಳೇ ಬೇರೆ. ಅವು ಆ ರೇಸ್‌ನ ಸಮಯಕ್ಕೆ ಸೇರುತ್ತವೆ.

ಎಂಜಿನ್ ಬದಲಾಯಿಸಿದರೆ ಯಾಕೆ ಶಿಕ್ಷೆ? ಕೆಟ್ಟುಹೋದರೆ ಚಾಲಕ ಏನು ಮಾಡಬೇಕು?

ಖರ್ಚು ಹಿಡಿತದಲ್ಲಿರಲಿ ಅಂತ ಮಾಡಿದ ನಿಯಮ ಇದು. ಮಿತಿ ಇಲ್ಲದಿದ್ದರೆ ದುಡ್ಡಿರುವ ತಂಡ ಪ್ರತಿ ವಾರ ಹೊಸ ಎಂಜಿನ್ ಹಾಕುತ್ತದೆ, ಇಲ್ಲದವರು ಹಳೆಯದರಲ್ಲೇ ಓಡಬೇಕಾಗುತ್ತದೆ.

2021ರಲ್ಲಿ 22 ರೇಸ್ ಇದ್ದವು. ಒಬ್ಬ ಚಾಲಕನಿಗೆ ಇಡೀ ವರ್ಷಕ್ಕೆ ಮೂರೇ ಎಂಜಿನ್, ಮೂರೇ ಟರ್ಬೊ, ಎರಡೇ ಬ್ಯಾಟರಿ. ಅಂದರೆ ಒಂದು ಎಂಜಿನ್ ಏಳೆಂಟು ರೇಸ್ ಬಾಳಬೇಕು. ನಾಲ್ಕನೆಯದು ಹಾಕಿದರೆ ಹತ್ತು ಸ್ಥಾನ ಹಿಂದೆ. ಅದೇ ಭಾಗದಲ್ಲಿ ಐದನೆಯದು ಹಾಕಿದರೆ ಮತ್ತೆ ಐದು ಸ್ಥಾನ. ಒಂದೇ ವಾರಾಂತ್ಯದಲ್ಲಿ ಹಲವು ಭಾಗ ಬದಲಾಯಿಸಿ ಒಟ್ಟು 15 ಸ್ಥಾನ ದಾಟಿದರೆ ಲೆಕ್ಕವೇ ಬೇಡ, ಗ್ರಿಡ್‌ನ ಹಿಂಬದಿಗೆ ಹೋಗಬೇಕು.

ಈ ಕೊನೆಯ ಸಾಲನ್ನು ನೆನಪಿಟ್ಟುಕೊಳ್ಳಿ. ಹಿಂದಕ್ಕೆ ಹೋಗುವುದಕ್ಕೂ ಒಂದು ಕೊನೆ ಇದೆ. 2021ರಲ್ಲಿ ಇದ್ದದ್ದು ಇಪ್ಪತ್ತೇ ಕಾರು, ಇಪ್ಪತ್ತನೆಯವರ ಹಿಂದೆ ಇಪ್ಪತ್ತೊಂದನೇ ಜಾಗ ಇರಲಿಲ್ಲ. ತಂಡಗಳ ಜಾಣತನವೆಲ್ಲ ಇಲ್ಲಿಂದಲೇ ಶುರು.

ಅಂಕ ಹಂಚುವುದು ಹೇಗೆ?

ಮೊದಲ ಹತ್ತು ಜನಕ್ಕೆ 25, 18, 15, 12, 10, 8, 6, 4, 2, 1. ಈ ಪಟ್ಟಿ 2010ರಿಂದ ಹೀಗೇ ಇದೆ. 2021ರಲ್ಲಿ ಮೊದಲ ಹತ್ತರೊಳಗೆ ಮುಗಿಸಿ ಅತಿ ವೇಗದ ಲ್ಯಾಪ್ ಹೊಡೆದವರಿಗೆ ಇನ್ನೊಂದು ಅಂಕ ಸಿಗುತ್ತಿತ್ತು. ಮೂರು ಕಡೆ ಶನಿವಾರ ಸ್ಪ್ರಿಂಟ್, ಅಂದರೆ ಒಂದು ಚಿಕ್ಕ ರೇಸ್, ಇತ್ತು, ಅದರಲ್ಲಿ ಮೊದಲ ಮೂವರಿಗೆ 3, 2, 1.

ಪಟ್ಟಿಯನ್ನು ಸುಮ್ನೆ ಬಾಯಿಪಾಠ ಮಾಡಿದರೆ ಸಾಲದು, ಅಂತರಗಳನ್ನು ನೋಡಿ. ಗೆದ್ದವರಿಗೂ ಎರಡನೆಯವರಿಗೂ 7 ಅಂಕದ ಅಂತರ. ಎರಡಕ್ಕೂ ಮೂರಕ್ಕೂ ಬರೀ 3. ಐದಕ್ಕೂ ಆರಕ್ಕೂ 2. ಹಾಗಾಗಿ ಮೇಲಿನ ಒಂದು ಸ್ಥಾನ ಹೋದರೆ ಆಗುವ ನೋವು, ಕೆಳಗಿನ ಎರಡು ಮೂರು ಸ್ಥಾನ ಹೋದರೂ ಆಗುವುದಿಲ್ಲ. ಹತ್ತು ಸ್ಥಾನದ ಪೆನಾಲ್ಟಿ ಬಿದ್ದರೂ ಎರಡನೆಯವನಾಗಿ ಮುಗಿಸಿದರೆ ಬದುಕಿಕೊಂಡ ಹಾಗೆ. ಪೆನಾಲ್ಟಿಯನ್ನು ಎಷ್ಟು ಸ್ಥಾನ ಅಂತ ಅಳೆಯಬೇಡಿ. ರೇಸ್ ಮುಗಿದಾಗ ಎದುರಾಳಿಗೆ ಹೋಲಿಸಿದರೆ ಎಷ್ಟು ಅಂಕ ಹೋಯಿತು ಅಂತ ಅಳೆಯಿರಿ.

33 ಅಂಕದ ಮುನ್ನಡೆ ಒಂದೇ ದಿನದಲ್ಲಿ 8ಕ್ಕೆ ಇಳಿಯುವುದು ಹೇಗೆ ಸಾಧ್ಯ?

ಬ್ರಿಟನ್‌ನ ಸಿಲ್ವರ್‌ಸ್ಟೋನ್, 18 ಜುಲೈ 2021. ಹಿಂದಿನ ದಿನದ ಸ್ಪ್ರಿಂಟ್ ಗೆದ್ದು ವರ್‌ಸ್ಟಾಪನ್ 185ರಲ್ಲಿದ್ದರು, ಹ್ಯಾಮಿಲ್ಟನ್ 152ರಲ್ಲಿ. ಮೊದಲ ಲ್ಯಾಪ್‌ನಲ್ಲೇ ಕಾಪ್ಸ್ ತಿರುವಿನಲ್ಲಿ ಇಬ್ಬರ ಚಕ್ರ ತಾಗಿತು. ವರ್‌ಸ್ಟಾಪನ್ ಕಾರು 51 ಜಿ (ಗುರುತ್ವ ಬಲದ 51 ಪಟ್ಟು) ಹೊಡೆತದಲ್ಲಿ ಟೈರ್ ತಡೆಗೋಡೆಗೆ ಹೋಗಿ ಬಡಿಯಿತು. ಹ್ಯಾಮಿಲ್ಟನ್‌ಗೆ 10 ಸೆಕೆಂಡ್ ಪೆನಾಲ್ಟಿ ಬಿತ್ತು, ಆದರೂ ರೇಸ್ ಗೆದ್ದರು. ಒಬ್ಬರಿಗೆ 25, ಇನ್ನೊಬ್ಬರಿಗೆ ಸೊನ್ನೆ.

ಮುಂದಿರುವವರು ಸೊನ್ನೆ ಪಡೆದ ದಿನವೇ ಹಿಂದಿರುವವರು ಗೆದ್ದರೆ ಪೂರ್ತಿ 25 ಒಂದೇ ಏಟಿಗೆ ಅಳಿಸಿಹೋಗುತ್ತದೆ. ಅಷ್ಟನ್ನು ವಾಪಸ್ ಕಟ್ಟಿಕೊಳ್ಳಬೇಕಾದರೆ, ಎದುರಾಳಿ ಪ್ರತಿ ಸಲ ಎರಡನೆಯವರಾದರೆ, ನೀವು ನಾಲ್ಕು ರೇಸ್ ಗೆಲ್ಲಬೇಕು. ಸಮಬಲದ ಹೋರಾಟದಲ್ಲಿ ಒಂದು ಸೊನ್ನೆ ಅಷ್ಟು ದುಬಾರಿ.

ಆ ಡಿಕ್ಕಿಗೂ ಎರಡು ತಿಂಗಳ ನಂತರದ ಸೋಚಿ ಪೆನಾಲ್ಟಿಗೂ ಏನು ಸಂಬಂಧ?

ನೇರ ಸಂಬಂಧ ಇದೆ. ಇದನ್ನು ಬಹಳ ಜನ ಮರೆತುಬಿಟ್ಟಿದ್ದಾರೆ. ಸಿಲ್ವರ್‌ಸ್ಟೋನ್‌ನಲ್ಲಿ ಗೋಡೆಗೆ ಬಡಿದಿದ್ದು ವರ್‌ಸ್ಟಾಪನ್ ಅವರ ಎರಡನೇ ಎಂಜಿನ್. ಹಂಗೇರಿಯಲ್ಲಿ ಅದೇ ಎಂಜಿನ್‌ನಲ್ಲಿ ಬಿರುಕು ಕಂಡಿತು, ರೇಸ್‌ಗೆ ಮೂರನೆಯದನ್ನು ಹಾಕಬೇಕಾಯಿತು. ಅರ್ಧ ಸೀಸನ್ ಬಾಕಿ ಇರುವಾಗಲೇ ವರ್ಷದ ಪಾಲು ಮುಗಿದುಹೋಯಿತು. ನಾಲ್ಕನೆಯದು ಎಂದಾದರೂ ಬರಲೇಬೇಕಿತ್ತು. ಎಲ್ಲಿ ಹಾಕಬೇಕು ಅನ್ನೋದಷ್ಟೇ ರೆಡ್ ಬುಲ್ ಕೈಯಲ್ಲಿ ಉಳಿದಿದ್ದು.

ಮಧ್ಯೆ ಇಟಲಿಯ ಮೊಂಜಾದಲ್ಲಿ ಇಬ್ಬರೂ ಮತ್ತೆ ಡಿಕ್ಕಿಯಾದರು. ಈ ಸಲ ತಪ್ಪು ವರ್‌ಸ್ಟಾಪನ್ ಅವರದ್ದೇ ಜಾಸ್ತಿ ಅಂತ ಸ್ಟೀವರ್ಡ್‌ಗಳು ಹೇಳಿ, ಮುಂದಿನ ರೇಸ್‌ಗೆ ಮೂರು ಸ್ಥಾನದ ಪೆನಾಲ್ಟಿ ಕೊಟ್ಟರು. ಮುಂದಿನ ರೇಸ್ ರಷ್ಯಾದ ಸೋಚಿಯಲ್ಲಿ. ರೆಡ್ ಬುಲ್ ಅಲ್ಲೇ ಪೂರ್ತಿ ಹೊಸ ಎಂಜಿನ್ ಹಾಕಿಬಿಟ್ಟಿತು. ಹೇಗೂ ಕೊನೆಯ ಜಾಗ, ಆ ಮೂರು ಸ್ಥಾನ ಅದರೊಳಗೇ ಕರಗಿತು. ಎರಡು ಶಿಕ್ಷೆಗೆ ಕೊಟ್ಟಿದ್ದು ಒಂದೇ ಬೆಲೆ.

ಆ ರೇಸ್ ಹೇಗಾಯಿತು ಗೊತ್ತಲ್ವಾ? ಇಪ್ಪತ್ತನೇ ಜಾಗದಿಂದ ಹೊರಟ ವರ್‌ಸ್ಟಾಪನ್ ಕೊನೆಯ ಹಂತದಲ್ಲಿ ಏಳನೇ ಸ್ಥಾನದಲ್ಲಿದ್ದರು. ಮಳೆ ಬಂತು. ಮುಂದಿದ್ದ ಲ್ಯಾಂಡೊ ನಾರಿಸ್ ಒಣ ಟೈರ್‌ನಲ್ಲೇ ಉಳಿದು ಗೆಲುವು ಕಳೆದುಕೊಂಡರು. ಟೈರ್ ಬದಲಾಯಿಸಲು ಸರಿಯಾದ ಹೊತ್ತಿಗೆ ಪಿಟ್‌ಗೆ ಬಂದ ವರ್‌ಸ್ಟಾಪನ್ ಎರಡನೆಯವರಾದರು. ಹ್ಯಾಮಿಲ್ಟನ್ ತಮ್ಮ ನೂರನೇ ಗೆಲುವು ಪಡೆದರು. ಕೊನೆಯಿಂದ ಹೊರಟರೂ ಎದುರಾಳಿಗಿಂತ ಕಳೆದುಕೊಂಡಿದ್ದು 7 ಅಂಕ ಮಾತ್ರ. ಲೆಕ್ಕ ಈಗ ಹ್ಯಾಮಿಲ್ಟನ್ 246.5, ವರ್‌ಸ್ಟಾಪನ್ 244.5.

ಹಾಗಾದರೆ ತಂಡಗಳು ಬೇಕಂತಲೇ ಪೆನಾಲ್ಟಿ ತಗೊಳ್ಳುತ್ತವಾ?

ಹೌದು, ಅದು ನಿಯಮದೊಳಗೇ ಇದೆ. ಹಿಂದಿಕ್ಕಲು ಸುಲಭವಾದ ಟ್ರ್ಯಾಕ್ ಹುಡುಕುತ್ತಾರೆ. ಮೊನಾಕೊದಲ್ಲಿ ಯಾರೂ ಹಾಕುವುದಿಲ್ಲ, ಅಲ್ಲಿ ಹಿಂದೆ ಬಿದ್ದರೆ ಹಿಂದೆಯೇ. ಬೆಲ್ಜಿಯಂನ ಸ್ಪಾ, ಮೊಂಜಾ, ಬ್ರೆಜಿಲ್‌ನ ಇಂಟರ್‌ಲಾಗೋಸ್ ಇಂಥವು ಅನುಕೂಲ. ಕಾರಿಗೆ ಹೇಗೂ ಒಗ್ಗದ ಟ್ರ್ಯಾಕ್ ಆದರೆ ಇನ್ನೂ ಒಳ್ಳೆಯದು, ಗೆಲ್ಲದ ರೇಸ್‌ನಲ್ಲೇ ಸಾಲ ತೀರಿಸಿದ ಹಾಗೆ.

ಹ್ಯಾಮಿಲ್ಟನ್ ಸರದಿ ಬಂದಿದ್ದು ಟರ್ಕಿಯಲ್ಲಿ. ಮರ್ಸಿಡಿಸ್ ಅಲ್ಲಿ ಎಲ್ಲ ಭಾಗ ಬದಲಾಯಿಸಲಿಲ್ಲ, ದಹನ ಎಂಜಿನ್ ಒಂದನ್ನೇ ಬದಲಾಯಿಸಿತು. ಹಾಗಾಗಿ ಕೊನೆಯ ಜಾಗದ ಬದಲು ಹತ್ತೇ ಸ್ಥಾನ ಹಿಂದೆ. ಶನಿವಾರ ಎಲ್ಲರಿಗಿಂತ ವೇಗವಾಗಿದ್ದ ಹ್ಯಾಮಿಲ್ಟನ್ ಭಾನುವಾರ 11ರಿಂದ ಹೊರಟರು. ಒದ್ದೆ ಟ್ರ್ಯಾಕ್‌ನಲ್ಲಿ ಹಳೇ ಟೈರ್‌ನಲ್ಲೇ ಮುಗಿಸಬೇಕು ಅಂತ ಅವರಿಗೆ ಆಸೆ, ತಂಡ ಕೊನೆಗೆ ಪಿಟ್‌ಗೆ ಕರೆಯಿತು, ಐದನೆಯವರಾಗಿ ಮುಗಿಸಿದರು. ವರ್‌ಸ್ಟಾಪನ್ ಎರಡನೆಯವರು. 18ಕ್ಕೆ 10.

ಈಗ ಹೋಲಿಸಿ ನೋಡಿ. ಸೋಚಿಯಲ್ಲಿ ಕೊನೆಯಿಂದ ಹೊರಟ ವರ್‌ಸ್ಟಾಪನ್ ಎದುರಾಳಿಗೆ 7 ಅಂಕ ಬಿಟ್ಟರು. ಟರ್ಕಿಯಲ್ಲಿ 11ರಿಂದ ಹೊರಟ ಹ್ಯಾಮಿಲ್ಟನ್ 8 ಬಿಟ್ಟರು. ದೊಡ್ಡ ಪೆನಾಲ್ಟಿಗೆ ಕಡಿಮೆ ಬೆಲೆ, ಸಣ್ಣ ಪೆನಾಲ್ಟಿಗೆ ಜಾಸ್ತಿ ಬೆಲೆ.

ಬ್ರೆಜಿಲ್‌ನಲ್ಲಿ ಹ್ಯಾಮಿಲ್ಟನ್ ಎರಡು ಸಲ ಹಿಂದೆ ಹೋದರು ಅನ್ನುತ್ತಾರೆ. ನಿಜವಾಗಿ ಆಗಿದ್ದೇನು?

ಈ ವಾರಾಂತ್ಯದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಪೆನಾಲ್ಟಿಗಳನ್ನು ಅರ್ಥ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಮೆಕ್ಸಿಕೊ ಮುಗಿದಾಗ ವರ್‌ಸ್ಟಾಪನ್ 19 ಅಂಕ ಮುಂದಿದ್ದರು. ಬ್ರೆಜಿಲ್‌ಗೆ ಮರ್ಸಿಡಿಸ್ ಮತ್ತೊಂದು ಹೊಸ ಎಂಜಿನ್ ತಂದಿತು. ಟರ್ಕಿಯಲ್ಲಿ ಮಿತಿ ಒಮ್ಮೆ ಮೀರಿ ಆಗಿತ್ತು, ಹಾಗಾಗಿ ಈ ಸಲ ಐದೇ ಸ್ಥಾನ. ಎಂಜಿನ್ ಹಳತಾದಷ್ಟೂ ಶಕ್ತಿ ಕುಗ್ಗುತ್ತದೆ. ಇಂಟರ್‌ಲಾಗೋಸ್‌ನಲ್ಲಿ ಪಿಟ್ ಪಕ್ಕದ ಏರು ನೇರದಾರಿ ಉದ್ದವಾಗಿದೆ. ಹೊಸ ಎಂಜಿನ್‌ನ ಲಾಭ ಅಲ್ಲಿ ಎದ್ದು ಕಾಣುತ್ತದೆ. ಐದು ಸ್ಥಾನ ಕೊಟ್ಟು ವೇಗ ಕೊಂಡುಕೊಂಡ ವ್ಯವಹಾರ ಅದು.

ಶುಕ್ರವಾರದ ಕ್ವಾಲಿಫೈಯಿಂಗ್‌ನಲ್ಲಿ ಹ್ಯಾಮಿಲ್ಟನ್ ಮೊದಲಿಗರು. ಆಮೇಲೆ ಹಿಂಬದಿ ರೆಕ್ಕೆಯ ಪರೀಕ್ಷೆ. ಡಿಆರ್‌ಎಸ್ (ನೇರದಾರಿಯಲ್ಲಿ ವೇಗ ಹೆಚ್ಚಿಸಲು ಹಿಂಬದಿ ರೆಕ್ಕೆಯನ್ನು ತೆರೆಯುವ, ಆಗಿದ್ದ ವ್ಯವಸ್ಥೆ) ತೆರೆದಾಗ ರೆಕ್ಕೆಯ ಎರಡು ಭಾಗಗಳ ನಡುವೆ 85 ಮಿಲಿಮೀಟರ್‌ಗಿಂತ ಹೆಚ್ಚು ಸಂದು ಇರಬಾರದಿತ್ತು. ಆ ಅಳತೆಯ ಗೇಜ್ ಒಂದು ಕಡೆ ಒಳಗೆ ಹೋಗಿಬಿಟ್ಟಿತು. ಮೀರಿದ್ದು 0.2 ಮಿಲಿಮೀಟರ್. ಬೇಕಂತ ಮಾಡಿದ್ದಲ್ಲ ಅಂತ ಸ್ಟೀವರ್ಡ್‌ಗಳೂ ಒಪ್ಪಿದರು, ಆದರೆ ತಾಂತ್ರಿಕ ನಿಯಮದಲ್ಲಿ ಉದ್ದೇಶಕ್ಕೆ ಬೆಲೆ ಇಲ್ಲ. ಇಡೀ ಕ್ವಾಲಿಫೈಯಿಂಗ್‌ನಿಂದ ಅನರ್ಹ. ಅದೇ ಸಂಜೆ ಹ್ಯಾಮಿಲ್ಟನ್ ಕಾರಿನ ರೆಕ್ಕೆಯನ್ನು ಕೈಯಿಂದ ಮುಟ್ಟಿ ನೋಡಿದ್ದಕ್ಕೆ ವರ್‌ಸ್ಟಾಪನ್‌ಗೆ 50,000 ಯೂರೊ ದಂಡ ಬಿತ್ತು. ದುಡ್ಡು ಹೋಯಿತು, ಅಂಕ ಹೋಗಲಿಲ್ಲ.

ಇಲ್ಲಿ ಎರಡು ಶಿಕ್ಷೆಗಳು ಎರಡು ಬೇರೆ ಗ್ರಿಡ್‌ಗಳ ಮೇಲೆ ಬಿದ್ದವು. ಅನರ್ಹತೆ ಶನಿವಾರದ ಸ್ಪ್ರಿಂಟ್‌ಗೆ, ಎಂಜಿನ್ ಪೆನಾಲ್ಟಿ ಭಾನುವಾರದ ರೇಸ್‌ಗೆ. ಸ್ಪ್ರಿಂಟ್ ಬರೀ 24 ಲ್ಯಾಪ್. ಹ್ಯಾಮಿಲ್ಟನ್ ಇಪ್ಪತ್ತನೇ ಜಾಗದಿಂದ ಐದಕ್ಕೆ ಬಂದರು. ಅದರ ಮೇಲೆ ಐದು ಸ್ಥಾನ ಸೇರಿ ಭಾನುವಾರ ಹತ್ತನೇ ಜಾಗ. ರೇಸ್ ನಮ್ಮಲ್ಲಿ ರಾತ್ರಿ 10:30ಕ್ಕೆ ಶುರುವಾಯಿತು. ನಿದ್ದೆಗೆಟ್ಟು ನೋಡಿದವರು ಯಾರೂ ಪಶ್ಚಾತ್ತಾಪ ಪಟ್ಟಿರಲಾರರು. 48ನೇ ಲ್ಯಾಪ್‌ನಲ್ಲಿ ನಾಲ್ಕನೇ ತಿರುವಿನಲ್ಲಿ ಇಬ್ಬರೂ ಟ್ರ್ಯಾಕ್ ಬಿಟ್ಟು ಹೊರಗೆ ಹೋದರು. 59ನೇ ಲ್ಯಾಪ್‌ನಲ್ಲಿ ಹ್ಯಾಮಿಲ್ಟನ್ ಮುಂದೆ ಹೋದರು, 10 ಸೆಕೆಂಡಿಗೂ ಜಾಸ್ತಿ ಅಂತರದಲ್ಲಿ ಗೆದ್ದರು. ಒಬ್ಬ ಚಾಲಕ ಒಂದೇ ವಾರಾಂತ್ಯದಲ್ಲಿ ಇಷ್ಟು ಕಾರುಗಳನ್ನು ದಾಟಿ ಗೆದ್ದಿದ್ದನ್ನು ನೋಡಿದಾಗಲೆಲ್ಲ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಅಂಕದ ಲೆಕ್ಕ ಮಾತ್ರ ಅಷ್ಟೊಂದು ರೋಚಕವಲ್ಲ. ವರ್‌ಸ್ಟಾಪನ್ ಸ್ಪ್ರಿಂಟ್‌ನಲ್ಲಿ 2, ರೇಸ್‌ನಲ್ಲಿ 18, ಒಟ್ಟು 20. ಹ್ಯಾಮಿಲ್ಟನ್ 25. ಅಷ್ಟೆಲ್ಲ ಸಾಹಸ ಮಾಡಿ ತಿಂದಿದ್ದು 5 ಅಂಕ. ಅಂತರ 19ರಿಂದ 14ಕ್ಕೆ ಇಳಿಯಿತು. ಆದರೆ ಆ ಹೊಸ ಎಂಜಿನ್ ಬ್ರೆಜಿಲ್‌ಗೆ ಮುಗಿಯಲಿಲ್ಲ. ಕತಾರ್, ಜೆಡ್ಡಾ ಗೆಲುವಿನ ಹೊತ್ತಿಗೂ ಮರ್ಸಿಡಿಸ್ ಕೈಯಲ್ಲಿ ಅದಿತ್ತು.

ಹಳದಿ ಬಾವುಟಕ್ಕೂ ಗ್ರಿಡ್ ಪೆನಾಲ್ಟಿ ಬೀಳುತ್ತಾ?

ಬೀಳುತ್ತದೆ. ಕತಾರ್ ಕ್ವಾಲಿಫೈಯಿಂಗ್‌ನಲ್ಲಿ ಎರಡು ಹಳದಿ ಬಾವುಟ ಬೀಸುತ್ತಿದ್ದಾಗ ವರ್‌ಸ್ಟಾಪನ್ ನಿಧಾನ ಮಾಡಲಿಲ್ಲ, ಐದು ಸ್ಥಾನ ಹೋಯಿತು. ಎರಡರಿಂದ ಏಳಕ್ಕೆ. ರೇಸ್‌ನಲ್ಲಿ ಬೇಗನೇ ಎರಡಕ್ಕೆ ವಾಪಸ್ ಬಂದು, ವೇಗದ ಲ್ಯಾಪ್ ಅಂಕವನ್ನೂ ತಗೊಂಡರು.

ಬೆಲ್ಜಿಯಂನಲ್ಲಿ ರೇಸೇ ನಡೆಯಲಿಲ್ಲ, ಆದರೂ ಅಂಕ ಕೊಟ್ಟಿದ್ದೇಕೆ?

29 ಆಗಸ್ಟ್ 2021, ಸ್ಪಾ. ಇಡೀ ದಿನ ಮಳೆ. ಕೊನೆಗೆ ಸೇಫ್ಟಿ ಕಾರ್ (ಅಪಾಯವಿದ್ದಾಗ ಎಲ್ಲರ ಮುಂದೆ ನಿಧಾನವಾಗಿ ಓಡುವ ಕಾರು) ಹಿಂದೆ ಕೆಲವೇ ಲ್ಯಾಪ್ ಸುತ್ತಿಸಿ ನಿಲ್ಲಿಸಿದರು. ಯಾರೂ ಯಾರನ್ನೂ ಹಿಂದಿಕ್ಕಲಿಲ್ಲ. ಆಗಿನ ನಿಯಮದ ಪ್ರಕಾರ ಎರಡು ಲ್ಯಾಪ್ ದಾಟಿದರೆ ಅರ್ಧ ಅಂಕ. ವರ್‌ಸ್ಟಾಪನ್‌ಗೆ 12.5, ಜಾರ್ಜ್ ರಸೆಲ್‌ಗೆ 9, ಹ್ಯಾಮಿಲ್ಟನ್‌ಗೆ 7.5. ಮಳೆಯಲ್ಲಿ ನೆನೆಯುತ್ತಾ ಗಂಟೆಗಟ್ಟಲೆ ಕಾದ ಜನಕ್ಕೆ ಅದು ಅನ್ಯಾಯ. ಓಡದ ರೇಸ್‌ಗೆ ಅಂಕ ಕೊಡಬಾರದಿತ್ತು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಈಗ ಒಂದು ಲೆಕ್ಕ ಹಾಕೋಣ. ಅಬುಧಾಬಿಗೆ ಬಂದಾಗ ಇಬ್ಬರಿಗೂ 369.5. ಸ್ಪಾದ ಅಂಕ ತೆಗೆದುಹಾಕಿ. ಹ್ಯಾಮಿಲ್ಟನ್ 362, ವರ್‌ಸ್ಟಾಪನ್ 357. ಹ್ಯಾಮಿಲ್ಟನ್ 5 ಅಂಕ ಮುಂದೆ. ಈಗ ಉಲ್ಟಾ ಮಾಡಿ, ಸ್ಪಾದಲ್ಲಿ ಪೂರ್ತಿ ಅಂಕ ಕೊಡಿ. ವರ್‌ಸ್ಟಾಪನ್ 382, ಹ್ಯಾಮಿಲ್ಟನ್ 377. ಈಗ ವರ್‌ಸ್ಟಾಪನ್ 5 ಮುಂದೆ. ಅರ್ಧ ಕೊಟ್ಟಿದ್ದಕ್ಕೇ ಇಬ್ಬರೂ ಸರಿಸಮ ಆಗಿದ್ದು! ಅಬುಧಾಬಿಯ ಆ ಸಮಬಲದ ಕಥೆ ಹುಟ್ಟಿದ್ದು ಸ್ಪಾದ ಮಳೆಯಲ್ಲಿ.

ಅಷ್ಟೇ ಅಲ್ಲ. ಸ್ಪಾ ಒಂದು 'ಗೆಲುವು' ಅಂತಲೂ ಲೆಕ್ಕಕ್ಕೆ ಬಂತು. ಅದು ಯಾಕೆ ಮುಖ್ಯ ಅನ್ನೋದು ಮುಂದಿನ ಪ್ರಶ್ನೆಯಲ್ಲಿದೆ.

ಆಮೇಲೆ ನಿಯಮ ಬದಲಾಯಿತು. ಈಗ ಎಷ್ಟು ದೂರ ಓಡಿದರು ಅನ್ನೋದರ ಮೇಲೆ ಹಂತ ಹಂತವಾಗಿ ಅಂಕ ಸಿಗುತ್ತದೆ. ಆ ಹೊಸ ನಿಯಮವೂ ತಕ್ಷಣಕ್ಕೆ ಸುಸೂತ್ರವಾಗಲಿಲ್ಲ. 2022ರಲ್ಲಿ ಸುಜುಕಾದಲ್ಲಿ 53ರಲ್ಲಿ 28 ಲ್ಯಾಪ್ ಮಾತ್ರ ಓಡಿದರೂ ಪೂರ್ತಿ ಅಂಕ ಸಿಕ್ಕಿತು. ಕಡಿತ ಅನ್ವಯವಾಗುವುದು ನಿಲ್ಲಿಸಿದ ರೇಸ್ ಮತ್ತೆ ಶುರುವಾಗದಿದ್ದರೆ ಮಾತ್ರ ಅಂತ ಪಠ್ಯದಲ್ಲಿತ್ತು. ಎದುರಾಳಿ ಶಾರ್ಲ್ ಲೆಕ್ಲೇರ್‌ಗೆ ಕೊನೆಯಲ್ಲಿ 5 ಸೆಕೆಂಡ್ ಪೆನಾಲ್ಟಿ ಬಿದ್ದು ಎರಡರಿಂದ ಮೂರಕ್ಕೆ ಇಳಿದರು. ಆ ಎರಡೂ ಸೇರಿ ವರ್‌ಸ್ಟಾಪನ್ ಅಲ್ಲೇ ಚಾಂಪಿಯನ್ ಆದರು. ಆಗಿದ್ದೇನೆ ಅಂತ ಅವರಿಗೇ ನಂಬಿಕೆ ಬರಲು ಹೊತ್ತು ಹಿಡಿಯಿತು.

ಅಂಕ ಸಮ ಆದರೆ ಯಾರು ಚಾಂಪಿಯನ್?

ಜಾಸ್ತಿ ರೇಸ್ ಗೆದ್ದವರು. ಗೆಲುವೂ ಸಮ ಆದರೆ ಜಾಸ್ತಿ ಸಲ ಎರಡನೆಯವರಾದವರು. ಅದೂ ಸಮ ಆದರೆ ಮೂರನೇ ಸ್ಥಾನ, ಹೀಗೆ ಇಳಿಯುತ್ತಾ ಹೋಗುತ್ತದೆ. 2007ರಲ್ಲಿ ಕಿಮಿ ರೈಕೊನೆನ್ 110 ಅಂಕದಲ್ಲಿ ಗೆದ್ದರು. ಹ್ಯಾಮಿಲ್ಟನ್ ಮತ್ತು ಫರ್ನಾಂಡೊ ಅಲಾನ್ಸೊ ಇಬ್ಬರಿಗೂ 109, ಇಬ್ಬರಿಗೂ ನಾಲ್ಕು ಗೆಲುವು. ಎರಡನೇ ಸ್ಥಾನಗಳು ಹ್ಯಾಮಿಲ್ಟನ್‌ಗೆ ಐದು, ಅಲಾನ್ಸೊಗೆ ನಾಲ್ಕು. ಅದರ ಮೇಲೆ ಹ್ಯಾಮಿಲ್ಟನ್ ಎರಡನೆಯವರು.

2021ರ ಅಬುಧಾಬಿಗೆ ಮುಂಚೆ ವರ್‌ಸ್ಟಾಪನ್ 9 ಗೆಲುವು, ಹ್ಯಾಮಿಲ್ಟನ್ 8. ಸಮ ಅಂಕದಲ್ಲಿ ಕೊನೆಯ ರೇಸ್‌ಗೆ ಬಂದಿದ್ದು 1974ರ ನಂತರ ಅದೇ ಮೊದಲು. ಆ ಒಂಬತ್ತರಲ್ಲಿ ಒಂದು ಸ್ಪಾ.

ಹಾಗಾದರೆ ಮುಂದಿರುವವರು ಎದುರಾಳಿಗೆ ಗುದ್ದಿ ಇಬ್ಬರೂ ಹೊರಗೆ ಬಿದ್ದರೆ ಸಾಕಲ್ಲ?

ಕಾಗದದ ಮೇಲೆ ಸಾಕು. ಅದಕ್ಕೇ ರೇಸ್ ಡೈರೆಕ್ಟರ್ ಮೈಕೆಲ್ ಮಾಸಿ ಅಬುಧಾಬಿ ರೇಸ್‌ಗೆ ಮುಂಚೆಯೇ ಸೂಚನೆ ಕೊಟ್ಟು, ಕ್ರೀಡಾ ಮನೋಭಾವಕ್ಕೆ ವಿರುದ್ಧ ನಡೆದರೆ ಅಂಕ ಕಡಿತ ಆಗಬಹುದು ಅಂತ ನೆನಪಿಸಿದ್ದರು. ಹಳೆಯ ಉದಾಹರಣೆ 1997ರ ಹೆರೆಸ್. ಮೈಕೆಲ್ ಶೂಮಾಕರ್ 78, ಜಾಕ್ ವಿಲ್ನೆವ್ 77. ಹಿಂದಿಕ್ಕಲು ಬಂದ ವಿಲ್ನೆವ್ ಕಡೆಗೆ ಶೂಮಾಕರ್ ಕಾರು ತಿರುಗಿಸಿದರು. ತಾವೇ ಜಲ್ಲಿಯಲ್ಲಿ ಸಿಕ್ಕಿಬಿದ್ದರು, ವಿಲ್ನೆವ್ ಮೂರನೆಯವರಾಗಿ ಮುಗಿಸಿ ಚಾಂಪಿಯನ್ ಆದರು. ಆಮೇಲೆ ಶೂಮಾಕರ್ ಅವರನ್ನು ಇಡೀ ವರ್ಷದ ಚಾಂಪಿಯನ್‌ಶಿಪ್ ಪಟ್ಟಿಯಿಂದಲೇ ತೆಗೆದುಹಾಕಿದರು.

ಒಂದು ಅಂಕದ 'ವೇಗದ ಲ್ಯಾಪ್'ಗೆ ಅಷ್ಟೊಂದು ಗಲಾಟೆ ಯಾಕಿತ್ತು?

ಮೆಕ್ಸಿಕೊ 2021 ನೋಡಿ. ವರ್‌ಸ್ಟಾಪನ್ ಗೆಲ್ಲುವುದು ಖಾತ್ರಿಯಾಗಿತ್ತು, ವೇಗದ ಲ್ಯಾಪ್ ಕೂಡ ಅವರದ್ದೇ. ಮರ್ಸಿಡಿಸ್ ಏನು ಮಾಡಿತು? ಹ್ಯಾಮಿಲ್ಟನ್ ಅವರ ತಂಡದ ಜೊತೆಗಾರ, ಹಿಂದೆ ಬಿದ್ದಿದ್ದ ವಾಲ್ಟೆರಿ ಬೊಟಾಸ್ ಅವರನ್ನು ಪಿಟ್‌ಗೆ ಕರೆದು ಹೊಸ ಸಾಫ್ಟ್ ಟೈರ್ ಹಾಕಿತು. ಒಮ್ಮೆ ಆಗಲಿಲ್ಲ, ಇನ್ನೊಮ್ಮೆ ಕರೆಯಿತು. ಕೊನೆಗೂ ಬೊಟಾಸ್ ವೇಗದ ಲ್ಯಾಪ್ ಹೊಡೆದರು. ಅವರು 15ನೆಯವರು, ಅವರಿಗೆ ಅಂಕ ಸಿಗಲಿಲ್ಲ. ಆದರೆ ವರ್‌ಸ್ಟಾಪನ್‌ಗೂ ಸಿಗಲಿಲ್ಲ. ಆ ಒಂದು ಅಂಕ ಯಾರ ಪಾಲಿಗೂ ಬರದೆ ಮಾಯವಾಯಿತು. ಅದು ಸಿಕ್ಕಿದ್ದರೆ ಅಬುಧಾಬಿಗೆ ಬಂದಾಗ ಸಮ ಇರುತ್ತಿರಲಿಲ್ಲ.

2025ರಿಂದ ಈ ಅಂಕವನ್ನು ತೆಗೆದುಹಾಕಿದ್ದಾರೆ. ಒಳ್ಳೆಯದೇ ಆಯಿತು.

ತಪ್ಪು ಮಾಡಿದವರಿಗೆ ಪೆನಾಲ್ಟಿ ಬಿದ್ದರೆ, ಅನ್ಯಾಯವಾದವರಿಗೆ ಏನು ಸಿಗುತ್ತದೆ?

ಏನೂ ಇಲ್ಲ. ಹಂಗೇರಿಯ ಮೊದಲ ತಿರುವಿನಲ್ಲಿ ಬೊಟಾಸ್ ಬ್ರೇಕ್ ತಪ್ಪಿ ನಾರಿಸ್‌ಗೆ ಗುದ್ದಿದರು, ನಾರಿಸ್ ಕಾರು ವರ್‌ಸ್ಟಾಪನ್‌ಗೆ ಬಡಿಯಿತು. ಒಂದು ಪಕ್ಕ ಕಿತ್ತುಹೋದ ಕಾರಿನಲ್ಲೇ ಓಡಿಸಿ ವರ್‌ಸ್ಟಾಪನ್ ಪಡೆದಿದ್ದು 2 ಅಂಕ. ಸೆಬಾಸ್ಟಿಯನ್ ವೆಟೆಲ್ ಅನರ್ಹರಾದ ಮೇಲೆ ಹ್ಯಾಮಿಲ್ಟನ್ ಎರಡನೇ ಸ್ಥಾನಕ್ಕೆ ಏರಿ 18 ಪಡೆದರು. ಬೊಟಾಸ್‌ಗೆ ಮುಂದಿನ ರೇಸ್‌ನಲ್ಲಿ ಐದು ಸ್ಥಾನ ಹಿಂದೆ. ಆ ಮುಂದಿನ ರೇಸ್ ಸ್ಪಾ, ಓಡದೇ ಹೋದ ರೇಸ್.

ಬೊಟಾಸ್ ಬೇಕಂತ ಮಾಡಲಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೂ ಪ್ರಶಸ್ತಿಯ ಹೋರಾಟದಲ್ಲಿ ಇಲ್ಲದವರ ತಪ್ಪಿಗೆ ಹೋರಾಟದಲ್ಲಿ ಇರುವವರು ಬೆಲೆ ತೆರುತ್ತಾರೆ. ಈ ವ್ಯವಸ್ಥೆಯಲ್ಲಿ ನನಗೆ ಒಪ್ಪಿಗೆಯಾಗದ ಭಾಗ ಇದೇ. ಬೇರೆ ದಾರಿ ಇದೆಯಾ ಅಂದರೆ, ಕಳೆದುಹೋದ ಅಂಕವನ್ನು ಊಹೆ ಮಾಡಿ ಕೊಡುವುದು ಇನ್ನೂ ಕೆಟ್ಟದು.

ಕೊನೆಗೆ ಅಬುಧಾಬಿಯಲ್ಲಿ ಅಂಕದ ಲೆಕ್ಕ ಏನಾದರೂ ಕೆಲಸಕ್ಕೆ ಬಂತಾ?

12 ಡಿಸೆಂಬರ್. ಐದು ಲ್ಯಾಪ್ ಬಾಕಿ ಇರುವಾಗ ನಿಕೊಲಸ್ ಲತೀಫಿ ಗೋಡೆಗೆ ಬಡಿದರು, ಸೇಫ್ಟಿ ಕಾರ್ ಬಂತು. ವರ್‌ಸ್ಟಾಪನ್ ಪಿಟ್‌ಗೆ ಹೋಗಿ ಹೊಸ ಟೈರ್ ಹಾಕಿಸಿಕೊಂಡರು. ಹ್ಯಾಮಿಲ್ಟನ್ ಹೋಗಲಿಲ್ಲ. ಒಂದು ಸುತ್ತು ಹಿಂದೆ ಬಿದ್ದಿದ್ದ ಎಲ್ಲ ಕಾರುಗಳನ್ನೂ ಬಿಡದೆ, ಇವರಿಬ್ಬರ ಮಧ್ಯೆ ಇದ್ದ ಐದನ್ನು ಮಾತ್ರ ಮುಂದೆ ಬಿಟ್ಟು ಕೊನೆಯ ಲ್ಯಾಪ್‌ಗೆ ರೇಸ್ ಶುರು ಮಾಡಿದರು. ಆ ಲ್ಯಾಪ್‌ನಲ್ಲಿ ವರ್‌ಸ್ಟಾಪನ್ ಹ್ಯಾಮಿಲ್ಟನ್‌ರನ್ನು ಹಿಂದಿಕ್ಕಿ ಚಾಂಪಿಯನ್ ಆದರು. 395.5ಕ್ಕೆ 387.5. ಕ್ರೀಡೆಯ ಆಡಳಿತ ಸಂಸ್ಥೆ ಎಫ್‌ಐಎಯ ವರದಿ ಆಮೇಲೆ ಅದನ್ನು ಮಾನವ ತಪ್ಪು ಅಂದಿತು, ಫಲಿತಾಂಶ ಹಾಗೇ ಉಳಿಯಿತು.

ಅಂಕ ಸಮ ಇದ್ದುದರಿಂದ ಇಬ್ಬರಲ್ಲಿ ಮುಂದೆ ಮುಗಿಸಿದವರೇ ಚಾಂಪಿಯನ್, ಬೇರೆ ಲೆಕ್ಕ ಬೇಕಾಗಿರಲಿಲ್ಲ. ವರ್‌ಸ್ಟಾಪನ್ ಹಿಂದೆ ಇದ್ದವರು, ಪಿಟ್‌ಗೆ ಹೋದರೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಹ್ಯಾಮಿಲ್ಟನ್ ಪಿಟ್‌ಗೆ ಹೋದರೆ ಮುಂದಿನ ಜಾಗವೇ ಹೋಗುತ್ತಿತ್ತು, ರೇಸ್ ಮತ್ತೆ ಶುರುವಾಗದಿದ್ದರೆ ಪ್ರಶಸ್ತಿಯೂ. ಹಾಗಾಗಿ ಟೈರ್ ಬದಲಾಯಿಸಬೇಕಾ ಬೇಡವಾ ಅನ್ನುವ ಆ ನಿರ್ಧಾರದ ಹಿಂದೆಯೂ ಅಂಕಪಟ್ಟಿಯೇ ಇತ್ತು.

ಹಳೇ ಕಾಲದಲ್ಲಿ ಎಲ್ಲ ರೇಸ್‌ನ ಅಂಕ ಲೆಕ್ಕಕ್ಕೆ ಬರುತ್ತಿರಲಿಲ್ಲವಂತೆ, ಹೌದಾ?

ಹೌದು. 1988ರಲ್ಲಿ 16 ರೇಸ್‌ಗಳಲ್ಲಿ ಒಳ್ಳೆಯ 11 ಮಾತ್ರ ಲೆಕ್ಕ. ಅಲೆನ್ ಪ್ರಾಸ್ಟ್ ಒಟ್ಟು ಗಳಿಸಿದ್ದು 105, ಅಯರ್ಟನ್ ಸೆನ್ನಾ 94. ಕಳಪೆ ಫಲಿತಾಂಶ ಬಿಟ್ಟ ಮೇಲೆ ಸೆನ್ನಾ 90, ಪ್ರಾಸ್ಟ್ 87. ಚಾಂಪಿಯನ್ ಸೆನ್ನಾ. ಪಾಪ ಪ್ರಾಸ್ಟ್, 1984ರಲ್ಲೂ ಅರ್ಧ ಅಂಕದಲ್ಲಿ ನಿಕಿ ಲೌಡಾಗೆ ಸೋತಿದ್ದರು. ಆ ವರ್ಷ ಮಳೆಗೆ ನಿಂತ ಮೊನಾಕೊ ಗೆದ್ದು ಅರ್ಧ ಅಂಕ, ಅಂದರೆ 4.5 ಪಡೆದಿದ್ದರು. ರೇಸ್ ಪೂರ್ತಿ ನಡೆದು ಎರಡನೆಯವರಾಗಿದ್ದರೂ 6 ಸಿಗುತ್ತಿತ್ತು.

ಇತ್ತೀಚಿನ ವರ್ಷಗಳಲ್ಲೂ ಪೆನಾಲ್ಟಿಯಿಂದ ಚಾಂಪಿಯನ್‌ಶಿಪ್ ತಿರುಗಿದ್ದು ಇದೆಯಾ?

2024ರ ಬ್ರೆಜಿಲ್‌ನಲ್ಲಿ ಐದು ಸ್ಥಾನದ ಎಂಜಿನ್ ಪೆನಾಲ್ಟಿ ಸೇರಿ ವರ್‌ಸ್ಟಾಪನ್ 17ರಿಂದ ಹೊರಟರು, ನಾರಿಸ್ ಪೋಲ್‌ನಲ್ಲಿ, ಅಂದರೆ ಮೊದಲ ಜಾಗದಲ್ಲಿ. ಮಳೆಯಲ್ಲಿ ವರ್‌ಸ್ಟಾಪನ್ ಗೆದ್ದರು, ನಾರಿಸ್ ಆರನೆಯವರು. ಅಂತರ 44ರಿಂದ 62ಕ್ಕೆ ಏರಿತು, ಹೋರಾಟ ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು.

2025 ಇನ್ನೂ ತೀಕ್ಷ್ಣ. ಸ್ಪೇನ್‌ನಲ್ಲಿ ರಸೆಲ್‌ಗೆ ಗುದ್ದಿದ್ದಕ್ಕೆ ವರ್‌ಸ್ಟಾಪನ್‌ಗೆ 10 ಸೆಕೆಂಡ್ ಬಿತ್ತು. ಐದನೆಯವರಾಗಿ ಗೆರೆ ದಾಟಿದವರು ಹತ್ತಕ್ಕೆ ಇಳಿದರು. 10 ಅಂಕ ಬರಬೇಕಿದ್ದಲ್ಲಿ 1 ಬಂತು. ವರ್ಷದ ಕೊನೆಗೆ ನಾರಿಸ್ 423, ವರ್‌ಸ್ಟಾಪನ್ 421. ಜೂನ್ ತಿಂಗಳ ಸಿಟ್ಟಿನ ಬೆಲೆ 9 ಅಂಕ, ಡಿಸೆಂಬರ್‌ನಲ್ಲಿ ಸೋತಿದ್ದು 2 ಅಂಕದಲ್ಲಿ. ಅದೇ ಸ್ಪೇನ್ ಘಟನೆಯಿಂದ ಅವರ ಲೈಸೆನ್ಸ್ ಮೇಲಿನ ಪೆನಾಲ್ಟಿ ಪಾಯಿಂಟ್ 11ಕ್ಕೆ ಮುಟ್ಟಿತ್ತು. 12 ತಿಂಗಳೊಳಗೆ 12 ಆದರೆ ಒಂದು ರೇಸ್ ನಿಷೇಧ. 2024ರಲ್ಲಿ ಕೆವಿನ್ ಮ್ಯಾಗ್ನುಸೆನ್ ಹಾಗೆಯೇ ಬಾಕು ರೇಸ್ ಕಳೆದುಕೊಂಡಿದ್ದರು.

ನಮ್ಮ ಬೆಂಗಳೂರಿನ ಕುಶ್ ಮೈನಿ ಓಡಿಸುವ ಎಫ್‌2ರಲ್ಲೂ ಹೀಗೇನಾ?

ಎಫ್‌1ರ ಕೆಳಗಿನ ಹಂತವಾದ ಎಫ್‌2ರಲ್ಲಿ ಶನಿವಾರದ ಸ್ಪ್ರಿಂಟ್‌ಗೆ ಕ್ವಾಲಿಫೈಯಿಂಗ್‌ನ ಮೊದಲ ಹತ್ತು ಜನರನ್ನು ಉಲ್ಟಾ ನಿಲ್ಲಿಸುತ್ತಾರೆ. ಹತ್ತನೆಯವರಿಗೆ ಮೊದಲ ಜಾಗ. ಕುಶ್ 2025ರಲ್ಲಿ ಮೊನಾಕೊ ಸ್ಪ್ರಿಂಟ್ ಗೆದ್ದಿದ್ದು ಅಂಥ ಉಲ್ಟಾ ಗ್ರಿಡ್‌ನಲ್ಲೇ. ಹಿಂದಿಕ್ಕಲಾಗದ ಟ್ರ್ಯಾಕ್‌ನಲ್ಲಿ ಮುಂದಿನ ಜಾಗ ಸಿಕ್ಕಿತು, ಅದನ್ನು ಒಂದು ತಪ್ಪೂ ಮಾಡದೆ ಕಾಪಾಡಿಕೊಂಡರು. ಅದಕ್ಕೆ ಒಂದು ವರ್ಷ ಮುಂಚೆ ಹಂಗೇರಿಯಲ್ಲಿ ಅವರ ಮೊದಲ ಎಫ್‌2 ಗೆಲುವು ಬಂದಿದ್ದು, ಮುಂದಿದ್ದ ರಿಚರ್ಡ್ ಫರ್ಸ್ಕೋರ್ ರೇಸ್ ಮುಗಿದ ಮೇಲೆ ಅನರ್ಹರಾದಾಗ.

ಟಿವಿ ಮುಂದೆ ಕೂತು ನಾನೇ ಲೆಕ್ಕ ಹಾಕುವುದು ಹೇಗೆ?

ಮೊದಲು ಇಬ್ಬರ ಅಂತರ ಬರೆದುಕೊಳ್ಳಿ. ಉಳಿದ ಪ್ರತಿ ರೇಸ್‌ಗೆ 25, ಸ್ಪ್ರಿಂಟ್ ಇದ್ದರೆ 8 ಸೇರಿಸಿ. ಸ್ಪ್ರಿಂಟ್‌ಗೆ ಮೊದಲ ಎಂಟು ಜನಕ್ಕೆ 8ರಿಂದ 1ರವರೆಗೆ ಅಂಕ ಕೊಡುವುದು 2022ರಿಂದ ಬಂದಿದ್ದು. ಅಂತರ ಈ ಮೊತ್ತಕ್ಕಿಂತ ಜಾಸ್ತಿ ಇದ್ದರೆ ಮುಗಿಯಿತು. ಸರಿಸಮ ಇದ್ದರೆ ಗೆಲುವುಗಳನ್ನು ಎಣಿಸಿ. ಆಮೇಲೆ ಮುಂದಿರುವವರು ಪ್ರತಿ ಸಲ ಎರಡನೆಯವರಾದರೆ ಸಾಕಾ ಅಂತ ನೋಡಿ: ಉಳಿದ ರೇಸ್‌ಗಳನ್ನು 7ರಿಂದ ಗುಣಿಸಿ, ಪ್ರತಿ ಸ್ಪ್ರಿಂಟ್‌ಗೆ 1 ಕೂಡಿಸಿ. ಅಂತರ ಅದಕ್ಕಿಂತ ಜಾಸ್ತಿ ಇದ್ದರೆ ಅವರು ಗೆಲುವಿಗಾಗಿ ಅಪಾಯ ಮೈಮೇಲೆ ಎಳೆದುಕೊಳ್ಳುವುದಿಲ್ಲ. ಕಡಿಮೆ ಇದ್ದರೆ ಕಾಪ್ಸ್, ಮೊಂಜಾದಂಥ ಡಿಕ್ಕಿಗಳಿಗೆ ಸಿದ್ಧರಾಗಿ.

ಆಗಸ್ಟ್ ರಜೆಯ ಹೊತ್ತಿಗೆ ಯಾರ ಎಂಜಿನ್ ಎಷ್ಟನೆಯದು ಅಂತಲೂ ನೋಡಿ. ಪ್ರತಿ ವಾರಾಂತ್ಯ ಎಫ್‌ಐಎ ಆ ಪಟ್ಟಿ ಹೊರಡಿಸುತ್ತದೆ. ಮುಂದೆ ಬರುವ ಪೆನಾಲ್ಟಿ ಅಲ್ಲಿ ಮೊದಲೇ ಕಾಣುತ್ತದೆ.

ಇನ್ನೊಂದು ಮಾತು, ಬಾವುಟ ಬಿದ್ದ ತಕ್ಷಣ ಅಂಕ ಕೂಡಿಸಬೇಡಿ. 2025ರ ಲಾಸ್ ವೇಗಸ್‌ನಲ್ಲಿ ನಾರಿಸ್ ಎರಡನೆಯವರು, ಆಸ್ಕರ್ ಪಿಯಾಸ್ಟ್ರಿ ನಾಲ್ಕನೆಯವರು. ವರ್‌ಸ್ಟಾಪನ್‌ಗಿಂತ ನಾರಿಸ್ 42 ಅಂಕ ಮುಂದೆ ಅಂತ ಎಲ್ಲರೂ ಬರೆದುಕೊಂಡಿದ್ದರು. ಕೆಲವು ಗಂಟೆ ಬಿಟ್ಟು ಇಬ್ಬರ ಕಾರಿನ ತಳದ ಹಲಗೆ 9 ಮಿಲಿಮೀಟರ್‌ಗಿಂತ ತೆಳುವಾಗಿದೆ ಅಂತ ಗೊತ್ತಾಗಿ ಇಬ್ಬರೂ ಅನರ್ಹರಾದರು. 42 ಇದ್ದದ್ದು 24 ಆಯಿತು. ಸ್ಟೀವರ್ಡ್‌ಗಳ ಅಂತಿಮ ಪಟ್ಟಿ ಬಂದ ಮೇಲೆ ಕೂಡಿಸಿ.